ಹುಂಜದ ಕೊರಳ ಗರಿ: ಬಣ್ಣಕ್ಕೆ ಮರುಳಾಗಬೇಡಿ

ಹುಂಜ ಕೊಯ್ದರೆ ಗರಿ ಗೊಬ್ಬರದ ಗುಂಡಿಗೆ. ನಮ್ಮಲ್ಲಿ ಇದೇ ರೂಢಿ. ಅಮೆರಿಕ, ಬ್ರಿಟನ್‌ಗಳಲ್ಲಿ ಟ್ರೌಟ್ ಮೀನು ಹಿಡಿಯುವವರಿಗೆ ಈ ಕೊರಳ ಗರಿಯೇ ಬೇಕು. ಗಾಳಕ್ಕೆ ಗರಿ ಸುತ್ತಿ ಹುಳದಂತೆ ಕಾಣುವ 'ಡ್ರೈ ಫ್ಲೈ' ಕಟ್ಟುತ್ತಾರೆ. ಅದು ನೀರಿನ ಮೇಲೆ ತೇಲಬೇಕು. ಮುಳುಗಿತೋ, ಕಟ್ಟಿದ್ದು ದಂಡ.

ತೇಲಿಸುವುದು ಗರಿಯ ಎಳೆ. ದಂಟು ಬಾಗಿಸಿ ನೋಡಿ, ಎಳೆಗಳು ಮುಳ್ಳಿನಂತೆ ಸೆಟೆದು ನಿಲ್ಲಬೇಕು. ದಂಟಿನ ಪಕ್ಕ, ಬುಡದ ಕಡೆ ಮಂಕಾಗಿ ಒಂದಕ್ಕೊಂದು ಅಂಟಿಕೊಂಡ ಭಾಗ ಇರ್ತದಲ್ಲ, ಅದು ನೀರು ಕುಡಿಯುತ್ತದೆ. ಕಮ್ಮಿ ಇದ್ದಷ್ಟೂ ಒಳ್ಳೇದು. ಹೇಂಟೆಯ ಗರಿ ಮೆತ್ತಗೆ, ಮುಳುಗುವ ಫ್ಲೈಗೇ ಸೈ. ದಂಟು ತೆಳ್ಳಗಿದ್ದು, ಸುತ್ತಿದರೆ ಮುರಿಯಬಾರದು. ಎಳೆಯ ಉದ್ದ ಗಾಳದ ಬಾಯಗಲದ ಒಂದೂವರೆಯಿಂದ ಎರಡು ಪಟ್ಟು. ಬಣ್ಣ ಆಮೇಲಿನ ಮಾತು.

ಹಿಂದೆ ಭಾರತದಿಂದಲೂ ಗರಿಸಹಿತ ಕೊರಳ ಚರ್ಮ ಅಗ್ಗದಲ್ಲಿ ಹೋಗುತ್ತಿತ್ತು. ಗರಿ ಗಿಡ್ಡ, ಒಂದು ಫ್ಲೈಗೆ ಎರಡಾದರೂ ಬೇಕು. ಒರೆಗಾನಿನ ಹೆನ್ರಿ ಹಾಫ್‌ಮನ್ 1960ರ ದಶಕದಿಂದ ಗರಿ ನೋಡಿಯೇ ಬೀಜದ ಹುಂಜ ಆರಿಸುತ್ತ ಬಂದರು. ಮಾಂಸ, ಮೊಟ್ಟೆ ಲೆಕ್ಕಕ್ಕೇ ಇಲ್ಲ! 1989ರಲ್ಲಿ ಆ ತಳಿ ಕೊಲೊರಾಡೋದ ಟಾಮ್ ವೈಟಿಂಗ್ ಕೈಗೆ ಬಂತು. ಅದರ ಬೆನ್ನಿನ ಉದ್ದ ಗರಿ ಒಂದರಲ್ಲೇ ಹಲವು ಫ್ಲೈ ಕಟ್ಟಬಹುದು. ಬೀಜದ ಹುಂಜ ಆರಿಸುವುದು ನಮಗೇನು ಹೊಸದಲ್ಲ, ಗರಿಯನ್ನು ಮಾತ್ರ ನೋಡಲಿಲ್ಲ.

ಕುತೂಹಲವಿದ್ದರೆ ಮುಂದಿನ ಸಲ ಕೊಯ್ದ ನಾಟಿ ಹುಂಜದ ಗರಿ ಬಾಗಿಸಿ ನೋಡಿ. ಕಾಡುಕೋಳಿಯ ತಂಟೆ ಮಾತ್ರ ಬೇಡ. ಅದರ ಕೊರಳ ಗರಿಗೂ ಅಲ್ಲಿ ಬೇಡಿಕೆಯಿತ್ತು; 1972ರ ವನ್ಯಜೀವಿ ಕಾಯ್ದೆಯಂತೆ ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧ.