ಅನ್ಯಭಾಷಾ ಕಲಿಕೆಯಲ್ಲಿ ಮುನ್ನಡೆ ಮತ್ತು ಹಿನ್ನಡೆ: ಕಲಿಕಾ ದಿನಚರಿಗಳ ಒಂದು ವಿವೇಚನೆ

1. ಪ್ರವೇಶ

ಕನ್ನಡ ಸಂಶೋಧನೆಗೆ ಬೇಕಾದ ಆಕರಗಳೆಲ್ಲವೂ ಕನ್ನಡದಲ್ಲಿಯೇ ಇಲ್ಲ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗ್, 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಮೊದಲಾದ ಬಾಸೆಲ್ ಮಿಶನ್ ವಿದ್ವಾಂಸರ ಪತ್ರಗಳು ಹಾಗೂ ವರದಿಗಳು ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿವೆ. ಅವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ರಕ್ಷಿತವಾಗಿವೆ. ಅವರ ಕನ್ನಡ ಕಾರ್ಯವನ್ನು ಮೂಲ ದಾಖಲೆಗಳಿಂದಲೇ ಅರಿಯಬಯಸುವ ಸಂಶೋಧಕರು ಪ್ರೌಢ ವಯಸ್ಸಿನಲ್ಲಿ ಜರ್ಮನ್ ಕಲಿಕೆಗೆ ತೊಡಗಬೇಕಾಗುತ್ತದೆ. ಇಂಥ ಕಲಿಕೆ ಆರಂಭದಲ್ಲಿ ವೇಗವಾಗಿ ಸಾಗಿ, ಅನಂತರ ನಿಂತಂತೆ ತೋರಿ, ಕೆಲವೊಮ್ಮೆ ಬಂದದ್ದೂ ಹೋದಂತೆ ಭಾಸವಾಗುತ್ತದೆ. ಭಾಷೆ ತಮಗೆ ಒಗ್ಗದು ಎಂಬ ತೀರ್ಮಾನಕ್ಕೆ ಕಲಿಯುವವರು ಬರುವುದೂ, ಅಧ್ಯಯನದ ವಿಷಯವನ್ನೇ ಬದಲಿಸಿಕೊಳ್ಳುವುದೂ ಈ ಘಟ್ಟದಲ್ಲಿಯೇ.

ಈ ತೀರ್ಮಾನಕ್ಕೆ ಆಧಾರವೇನು? ಕಲಿಕೆಯಲ್ಲಿ ಯಾವುದನ್ನು ಮುನ್ನಡೆ ಎನ್ನಬೇಕು, ಯಾವುದನ್ನು ಹಿನ್ನಡೆ ಎನ್ನಬೇಕು? ಅನ್ವಯಿಕ ಭಾಷಾವಿಜ್ಞಾನದಲ್ಲಿ, ವಿಶೇಷವಾಗಿ 1970ರ ದಶಕದಿಂದೀಚೆಗೆ, ಕಲಿಯುವವರೇ ಬರೆದಿಟ್ಟ ದಿನಚರಿಗಳನ್ನು ಆಕರವಾಗಿ ಬಳಸಿ ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ಅಂಥ ಕೆಲವು ಮುಖ್ಯ ಅಧ್ಯಯನಗಳನ್ನು ವಿವೇಚಿಸಿ, ಹಿನ್ನಡೆ ಎಂದು ಅನುಭವಕ್ಕೆ ಬರುವುದೆಲ್ಲವೂ ಹಿನ್ನಡೆಯಲ್ಲ ಎಂಬುದನ್ನೂ, ಅದನ್ನು ನಿರ್ಣಯಿಸಲು ಅನುಭವದ ದಾಖಲೆಯೊಂದೇ ಸಾಲದು ಎಂಬುದನ್ನೂ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಅಳತೆಗೋಲಿನ ಪ್ರಶ್ನೆ

ಕಲಿಕೆಯ ವೈಫಲ್ಯವನ್ನು ವಿವರವಾಗಿ ದಾಖಲಿಸಿದವರಲ್ಲಿ ಫ್ರಾನ್ಸಿನ ಲ್ಯಾಟಿನ್ ಅಧ್ಯಾಪಕ ಫ್ರಾಂಸ್ವಾ ಗುವಾನ್ ಪ್ರಮುಖನು. 1880ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಹ್ಯಾಂಬರ್ಗ್ ನಗರದಲ್ಲಿ ಜರ್ಮನ್ ಕಲಿಯಲು ಪಟ್ಟ ಪಾಡನ್ನು ವಿವರಿಸಿದ್ದಾನೆ. ಜರ್ಮನ್ ವ್ಯಾಕರಣವನ್ನೂ 248 ಅನಿಯತ ಕ್ರಿಯಾಪದಗಳನ್ನೂ ಹತ್ತೇ ದಿನಗಳಲ್ಲಿ ಕಂಠಪಾಠ ಮಾಡಿ ಉಪನ್ಯಾಸ ಕೇಳಲು ಹೋದಾಗ ಆತನಿಗೆ ಒಂದು ಪದವೂ ತಿಳಿಯಲಿಲ್ಲ. ಮುಂದೆ ಧಾತುಗಳನ್ನು ಬಾಯಿಪಾಠ ಮಾಡಿದನು. ಗಯಟೆ ಮತ್ತು ಷಿಲ್ಲರ್ ಕೃತಿಗಳ ಅನುವಾದಕ್ಕೆ ತೊಡಗಿದನು. ಕೊನೆಗೆ 30,000 ಪದಗಳ ನಿಘಂಟನ್ನೇ ಕಂಠಸ್ಥ ಮಾಡಿದನು. ಆದರೂ ಜರ್ಮನ್ ಮಾತು ಆತನಿಗೆ ದಕ್ಕಲಿಲ್ಲ. ಊರಿಗೆ ಹಿಂದಿರುಗಿದಾಗ, ತಾನು ಹೊರಡುವಾಗ ಮಾತು ಬಾರದಿದ್ದ ಎಳೆಯ ಸಂಬಂಧಿಕ ಬಾಲಕನು ಆ ಅವಧಿಯಲ್ಲಿ ಫ್ರೆಂಚ್ ಭಾಷೆಯನ್ನು ನಿರರ್ಗಳವಾಗಿ ಆಡಲು ಕಲಿತಿದ್ದುದನ್ನು ಕಂಡನು. ಕ್ರಿಯೆಗಳ ಸರಣಿಯ ಮೂಲಕ ಭಾಷೆ ಕಲಿಸುವ ಆತನ ಪದ್ಧತಿಗೆ ಈ ಹೋಲಿಕೆಯೇ ಪ್ರೇರಣೆಯಾಯಿತು.

ಇಲ್ಲಿ ಗಮನಿಸಬೇಕಾದುದು ಗುವಾನನ ಶ್ರಮದ ಪ್ರಮಾಣವನ್ನಲ್ಲ, ಆತನ ಅಳತೆಗೋಲನ್ನು. ಕಂಠಪಾಠವಾದ ಪದಗಳ ಲೆಕ್ಕದಿಂದ ನೋಡಿದರೆ ಆತನದು ಅಸಾಧಾರಣ ಮುನ್ನಡೆ. ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಯಿಂದ ನೋಡಿದರೆ ಶೂನ್ಯ. ಲೆಕ್ಕ ತಪ್ಪಾಗಿರಲಿಲ್ಲ, ಲೆಕ್ಕಕ್ಕೆ ತೆಗೆದುಕೊಂಡ ವಸ್ತು ಬೇರೆಯಾಗಿತ್ತು.

ಇದಕ್ಕೆ ವಿಲೋಮವಾದ ನಿದರ್ಶನ ರಿಚರ್ಡ್ ಶ್ಮಿಟ್ ಅವರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ವೆಸ್ ಎಂಬ ಹೆಸರಿನಿಂದ ಅವರು ಸೂಚಿಸುವ ಜಪಾನಿನ ಚಿತ್ರಕಲಾವಿದರು ಹವಾಯಿಯಲ್ಲಿ ನೆಲೆಸಿ, ತರಗತಿಯ ನೆರವಿಲ್ಲದೆ, ಜನರೊಡನೆ ಬೆರೆತು ಇಂಗ್ಲಿಷ್ ಕಲಿತವರು. ಮೂರು ವರ್ಷಗಳ ಅವಧಿಯಲ್ಲಿ ಸಂಗ್ರಹಿಸಿದ ಅವರ ಮಾತನ್ನು ವ್ಯಾಕರಣದ ದೃಷ್ಟಿಯಿಂದ ಪರಿಶೀಲಿಸಿದಾಗ ಪ್ರತ್ಯಯಗಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಂಡುಬರಲಿಲ್ಲ. ಆದರೆ ಸಂಭಾಷಣೆಯನ್ನು ಮುಂದುವರಿಸುವುದು, ಕೋರಿಕೆ ಸಲ್ಲಿಸುವುದು, ಕಥೆ ಹೇಳುವುದು ಮೊದಲಾದ ವ್ಯವಹಾರಗಳಲ್ಲಿ ಅವರ ಸಾಮರ್ಥ್ಯ ಗಣನೀಯವಾಗಿ ಬೆಳೆದಿತ್ತು. ವ್ಯಾಕರಣವೊಂದೇ ಮಾನದಂಡವಾದರೆ ವೆಸ್ ನಿಂತಲ್ಲಿಯೇ ನಿಂತವರು. ವ್ಯವಹಾರ ಮಾನದಂಡವಾದರೆ ಬಹುದೂರ ಸಾಗಿದವರು. ಯಾವ ಸಾಮರ್ಥ್ಯವನ್ನು ಅಳೆಯಲಾಗುತ್ತಿದೆ ಎಂಬುದನ್ನು ಹೇಳದೆ ಮುನ್ನಡೆಯ ಮಾತನಾಡುವುದು ನಿರರ್ಥಕ ಎಂಬುದನ್ನು ಈ ಎರಡೂ ನಿದರ್ಶನಗಳು ಸ್ಪಷ್ಟಪಡಿಸುತ್ತವೆ.

3. ದಿನಚರಿಯಲ್ಲಿ ಕಾಣುವ ಸಂದರ್ಭ

ಗುವಾನನ ಬರಹ ಕಲಿಕೆ ಮುಗಿದ ಬಳಿಕ ನೆನಪಿನಿಂದ ರೂಪುಗೊಂಡ ಕಥನ. ಅಂಥ ಕಥನದಲ್ಲಿ ಘಟನೆಗಳು ಕೊನೆಯ ತಿಳಿವಿನ ಬೆಳಕಿನಲ್ಲಿ ಜೋಡಣೆಗೊಳ್ಳುತ್ತವೆ. ದಿನದಿನವೂ ಬರೆದ ದಿನಚರಿಗೆ ಈ ಅನುಕೂಲವಿಲ್ಲ. ನಾಳೆ ಏನಾಗುವುದೆಂದು ಅದಕ್ಕೆ ತಿಳಿದಿರುವುದಿಲ್ಲ. ಆಕರವಾಗಿ ಅದರ ಬೆಲೆ ಇರುವುದು ಈ ಕಾರಣದಿಂದಲೇ.

ಫ್ರಾನ್ಸಿನ್ ಶೂಮನ್ ಮತ್ತು ಜಾನ್ ಶೂಮನ್ ದಂಪತಿಗಳು ಟ್ಯುನೀಷಿಯಾದಲ್ಲಿ ಅರಬ್ಬಿಯನ್ನೂ ಇರಾನಿನಲ್ಲಿ ಪರ್ಷಿಯನ್ ಭಾಷೆಯನ್ನೂ ಕಲಿಯುವಾಗ ಇಟ್ಟ ದಿನಚರಿಗಳನ್ನು ಆಧರಿಸಿದ ಲೇಖನ 1977ರಲ್ಲಿ ಪ್ರಕಟವಾಯಿತು. ವ್ಯಾಕರಣದ ಕಾಠಿಣ್ಯಕ್ಕಿಂತ ಬೇರೆಯಾದ ಕಾರಣಗಳು ಅಲ್ಲಿ ಮುನ್ನೆಲೆಗೆ ಬರುತ್ತವೆ. ಹೊಸ ಊರಿನಲ್ಲಿ ಮನೆ ನೆಲೆಗೊಳ್ಳುವವರೆಗೆ ಕಲಿಕೆಯಲ್ಲಿ ಮನಸ್ಸು ನಿಲ್ಲದಿರುವುದು, ಸ್ಥಳಾಂತರದ ಆತಂಕ, ಅಧ್ಯಾಪಕರು ಹಾಕಿದ ಕ್ರಮಕ್ಕಿಂತ ತಮ್ಮದೇ ಕ್ರಮದಲ್ಲಿ ಕಲಿಯಬೇಕೆಂಬ ಹಟ, ಮಾತನಾಡುವುದಕ್ಕಿಂತ ಇತರರ ಮಾತನ್ನು ಬದಿಯಿಂದ ಕೇಳಿಸಿಕೊಳ್ಳುವ ಒಲವು ಇವು ಅಲ್ಲಿ ಗುರುತಿಸಲಾದ ಅಂಶಗಳು. ಕ್ಯಾಥ್ಲೀನ್ ಬೇಲಿ ಅವರು ತಮ್ಮ ಫ್ರೆಂಚ್ ತರಗತಿಯ ದಿನಚರಿಯನ್ನು ಇತರ ಕಲಿಯುವವರ ದಿನಚರಿಗಳೊಡನೆ ಹೋಲಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಪಾಠಿಗಳೊಡನೆ ತಮ್ಮನ್ನು ಹೋಲಿಸಿಕೊಳ್ಳುವ ಸ್ಪರ್ಧಾಮನೋಭಾವಕ್ಕೂ ಆತಂಕಕ್ಕೂ ಇರುವ ನಂಟನ್ನು ತೋರಿಸಿದ್ದಾರೆ.

ಈ ಅಂಶಗಳು ಪರೀಕ್ಷೆಯ ಅಂಕಗಳಲ್ಲಿ ಕಾಣುವುದಿಲ್ಲ. ಒಂದು ತಿಂಗಳ ಕಲಿಕೆ ಕುಂಠಿತವಾದುದು ಭಾಷೆಯ ಕಾಠಿಣ್ಯದಿಂದಲೋ, ಬಾಡಿಗೆ ಮನೆಯ ಹುಡುಕಾಟದಿಂದಲೋ, ಪಕ್ಕದ ಬೆಂಚಿನವರು ಬೇಗ ಉತ್ತರಿಸಿದ್ದರಿಂದಲೋ ಎಂಬುದನ್ನು ಆ ದಿನಗಳ ಬರಹ ಮಾತ್ರ ತಿಳಿಸಬಲ್ಲದು.

4. ದಿನಚರಿಯ ಮಿತಿ ಮತ್ತು ಮಾತಿನ ಸಾಕ್ಷ್ಯ

ಆದರೆ ದಿನಚರಿಯೊಂದನ್ನೇ ನಂಬುವಂತೆಯೂ ಇಲ್ಲ. ಅದು ಹೇಳುವುದು ಕಲಿಯುವವರು ತಮ್ಮ ಬಗ್ಗೆ ತಿಳಿದುಕೊಂಡಿರುವುದನ್ನು. ಅವರ ನಾಲಗೆಯ ಮೇಲೆ ನಿಜವಾಗಿ ಇರುವುದನ್ನಲ್ಲ. ಈ ತೊಡಕನ್ನು ಶ್ಮಿಟ್ ಅವರು ತಮ್ಮ ಮೇಲೆಯೇ ನಡೆಸಿದ ಅಧ್ಯಯನದಲ್ಲಿ ಎದುರಿಸಿದರು. ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಸುಮಾರು ಐದು ತಿಂಗಳ ಕಾಲ ಪೋರ್ಚುಗೀಸ್ ಕಲಿಯುವಾಗ ಅವರು ದಿನಚರಿ ಬರೆದರು. ಜೊತೆಗೆ ಆ ಭಾಷೆಯನ್ನು ಮಾತೃಭಾಷೆಯಾಗಿ ಉಳ್ಳ ಸಿಲ್ವಿಯಾ ಫ್ರೋಟಾ ಅವರೊಡನೆ ನಡೆಸಿದ ನಾಲ್ಕು ಸಂಭಾಷಣೆಗಳನ್ನು ಕಾಲಾಂತರದಲ್ಲಿ ಧ್ವನಿಮುದ್ರಿಸಲಾಯಿತು. ಎರಡನ್ನೂ ಎದುರುಬದುರಾಗಿಟ್ಟು ಇಬ್ಬರೂ ಬರೆದ ಲೇಖನ 1986ರಲ್ಲಿ ಪ್ರಕಟವಾಯಿತು.

ಈ ಹೋಲಿಕೆಯಿಂದ ದೊರೆತ ತಿಳಿವು ಮುಖ್ಯವಾದುದು. ತರಗತಿಯಲ್ಲಿ ಕಲಿಸಿದ ಮಾತ್ರಕ್ಕೆ ಒಂದು ರೂಪವು ಮಾತಿನಲ್ಲಿ ಬರಲಿಲ್ಲ; ಸುತ್ತಲಿನವರ ಮಾತಿನಲ್ಲಿ ಕಿವಿಗೆ ಬಿದ್ದು, ಗಮನಕ್ಕೂ ಬಂದ ರೂಪಗಳೇ ಹೆಚ್ಚಾಗಿ ಬಳಕೆಗೆ ಬಂದವು. ಎದುರಿನವರು ತಿದ್ದಿದಾಗಲೂ, ತಿದ್ದುತ್ತಿದ್ದಾರೆ ಎಂಬ ಅರಿವೇ ಇಲ್ಲದಿದ್ದರೆ ಆ ತಿದ್ದುಪಡಿ ಫಲಕೊಡಲಿಲ್ಲ. ಮುಂದೆ ಶ್ಮಿಟ್ ಅವರು ಪ್ರತಿಪಾದಿಸಿದ ಗಮನಿಸುವಿಕೆಯ ಸಿದ್ಧಾಂತಕ್ಕೆ ಈ ದಿನಚರಿಯೇ ತಳಹದಿ.

ಇದನ್ನು ಕನ್ನಡದ ಉದಾಹರಣೆಯಿಂದ ವಿಶದಪಡಿಸಬಹುದು. ‘ಊಟ ಆಯಿತೆ?’ ಎಂಬ ಪ್ರಶ್ನೆಗೆ ಕನ್ನಡಿಗರ ಸಹಜ ಉತ್ತರ ‘ಆಯಿತು’ ಎಂಬುದು, ‘ಬರುತ್ತೀರಾ?’ ಎಂದರೆ ‘ಬರುತ್ತೇನೆ’. ಇಂಗ್ಲಿಷ್ ಮಾತೃಭಾಷೆಯವರು ಕನ್ನಡ ಕಲಿಯುವಾಗ ಎಲ್ಲದಕ್ಕೂ ‘ಹೌದು’ ಎನ್ನುವ ಸಂಭವವಿದೆ. ಅರ್ಥಕ್ಕೆ ಭಂಗ ಬಾರದ ಕಾರಣ ಯಾರೂ ತಿದ್ದುವುದಿಲ್ಲ. ಕ್ರಿಯಾಪದವನ್ನೇ ಮರಳಿ ಹೇಳುವ ಈ ಕ್ರಮ ತಿಂಗಳುಗಟ್ಟಲೆ ಕಿವಿಯ ಮೇಲೆ ಬಿದ್ದರೂ, ಅದು ಗಮನಕ್ಕೆ ಬಂದ ದಿನವೇ ಕಲಿಕೆಯ ದಿನ. ದಿನಚರಿಯಲ್ಲಿ ದಾಖಲಾಗಬೇಕಾದುದು ಆ ದಿನ. ಬಳಕೆಗೆ ಬಂದಿತೇ ಎಂಬುದಕ್ಕೆ ಧ್ವನಿಮುದ್ರಣವೇ ಸಾಕ್ಷಿ.

5. ಹಿನ್ನಡೆಯ ಬಗೆಗಳು

ಹಿನ್ನಡೆ ಎಂದು ಒಂದೇ ಹೆಸರಿನಿಂದ ಕರೆಯಲಾಗುವ ಸ್ಥಿತಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪುನರ್ರಚನೆ. ಎರಿಕ್ ಕೆಲ್ಲರ್‌ಮನ್ ಅವರು ಇಂಗ್ಲಿಷ್ ಕಲಿಯುವ ಡಚ್ ಭಾಷಿಕರನ್ನು ಅಧ್ಯಯನ ಮಾಡಿ, ಒಡೆಯುವ ಅರ್ಥದ ಇಂಗ್ಲಿಷ್ ಕ್ರಿಯಾಪದದ ಅಕರ್ಮಕ ಪ್ರಯೋಗವನ್ನು ಆರಂಭದ ಹಂತದವರು ಸರಿಯೆಂದು ಒಪ್ಪುವುದನ್ನೂ, ಮಧ್ಯದ ಹಂತದವರು ಸಂದೇಹಿಸುವುದನ್ನೂ, ಮುಂದುವರಿದವರು ಮತ್ತೆ ಒಪ್ಪುವುದನ್ನೂ 1980ರ ದಶಕದಲ್ಲಿ ವಿವರಿಸಿದರು. ನಡುವೆ ಇಳಿದು ಮತ್ತೆ ಏರುವ ಈ ರೇಖೆಯಲ್ಲಿ ಮಧ್ಯದ ತಪ್ಪು ಅಜ್ಞಾನದ ಫಲವಲ್ಲ, ನಿಯಮವನ್ನು ಹುಡುಕತೊಡಗಿದುದರ ಫಲ. ಕನ್ನಡದ ‘ಒಡೆ’ ಧಾತುವೂ ‘ಮಡಕೆ ಒಡೆಯಿತು’ ಎಂದು ಅಕರ್ಮಕವಾಗಿಯೂ, ‘ಮಡಕೆಯನ್ನು ಒಡೆದನು’ ಎಂದು ಸಕರ್ಮಕವಾಗಿಯೂ ನಡೆಯುತ್ತದೆ. ‘ಓಡು’–‘ಓಡಿಸು’, ‘ಕುಣಿ’–‘ಕುಣಿಸು’ ಎಂಬ ಜೋಡಿಗಳನ್ನು ಕಲಿತ ಬಳಿಕ, ಮೊದಲು ಸರಿಯಾಗಿ ‘ಒಡೆದನು’ ಎನ್ನುತ್ತಿದ್ದವರು ‘ಒಡೆಸಿದನು’ ಎಂದರೆ ಅದನ್ನು ಮರೆವು ಎನ್ನಲಾಗದು. ಪ್ರೇರಣಾರ್ಥಕದ ನಿಯಮ ಅವರ ಮನಸ್ಸಿನಲ್ಲಿ ಕೆಲಸಮಾಡತೊಡಗಿದೆ ಎಂದೇ ತಿಳಿಯಬೇಕು.

ಎರಡನೆಯದು ಹಿಂಜಾರಿಕೆ. ಲ್ಯಾರಿ ಸೆಲಿಂಕರ್ ಅವರು 1972ರಲ್ಲಿ ಅಂತರಭಾಷೆಯ ಪರಿಕಲ್ಪನೆಯನ್ನು ಮಂಡಿಸುವಾಗ, ಕಲಿಯುವವರ ಭಾಷೆಯಿಂದ ಅಳಿದಂತಿದ್ದ ರೂಪಗಳು ಆತಂಕ ಮೊದಲಾದ ಸಂದರ್ಭಗಳಲ್ಲಿ ಮತ್ತೆ ತಲೆದೋರುವುದನ್ನು ಗುರುತಿಸಿದರು. ಇಲ್ಲಿ ನಷ್ಟವಾದುದು ಜ್ಞಾನವಲ್ಲ, ಆ ಗಳಿಗೆಯ ಹಿಡಿತ. ಆದರೆ ಅದೇ ತಪ್ಪು ಸಂದರ್ಭ ಬದಲಾದರೂ ಬಿಡದೆ ಮರುಕಳಿಸುತ್ತಿದ್ದರೆ ಭಾಷೆ ಹೆಪ್ಪುಗಟ್ಟಿರುವ ಸಾಧ್ಯತೆಯನ್ನು ಪರಿಗಣಿಸಬೇಕಾಗುತ್ತದೆ.

ಮೂರನೆಯದು ಮರೆವು. ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ನಡೆಸಿಕೊಂಡು 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥರಹಿತ ಅಕ್ಷರಗುಚ್ಛಗಳನ್ನು ಮರುಕಲಿಯುವಾಗ ಉಳಿತಾಯವಾದ ಶ್ರಮ ಒಂದು ದಿನದ ನಂತರ ಶೇ. 34ರಷ್ಟೂ, 31 ದಿನಗಳ ನಂತರ ಶೇ. 21ರಷ್ಟೂ ಇತ್ತು. ಮರೆವು ಮೊದಲು ತೀವ್ರವಾಗಿ, ಬಳಿಕ ನಿಧಾನವಾಗಿ ನಡೆಯುತ್ತದೆ. ನೆನಪಿಗೆ ಬಾರದುದೂ ಮರುಕಲಿಕೆಯನ್ನು ಸುಲಭಗೊಳಿಸುತ್ತದೆ. ಹ್ಯಾರಿ ಬಾರಿಕ್ ಅವರು ಶಾಲಾ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿತ 733 ಮಂದಿಯನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಲಿಕೆ ಬಿಟ್ಟ ಮೊದಲ ಮೂರರಿಂದ ಆರು ವರ್ಷಗಳಲ್ಲಿ ಇಳಿಯುವ ಜ್ಞಾನ ಅನಂತರ ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿಯುತ್ತದೆ. ಅರ್ಧಕ್ಕೆ ಬಿಟ್ಟ ಭಾಷೆಯನ್ನು ಮತ್ತೆ ಹಿಡಿಯುವವರು ಮೊದಲಿನಿಂದ ಆರಂಭಿಸುತ್ತಿಲ್ಲ ಎಂಬುದು ಇದರ ತಾತ್ಪರ್ಯ.

ಹೊರನೋಟಕ್ಕೆ ಈ ಮೂರೂ ಒಂದೇ: ಮೊನ್ನೆ ಬಂದದ್ದು ಇಂದು ಬಾರದು. ಪರಿಹಾರ ಮಾತ್ರ ಬೇರೆ ಬೇರೆ. ಪುನರ್ರಚನೆಗೆ ಕಾಲಾವಕಾಶ ಬೇಕು. ಹಿಂಜಾರಿಕೆಗೆ ಸಂದರ್ಭದ ಪರಿಶೀಲನೆ ಬೇಕು. ಮರೆವಿಗೆ ಪುನರಾವರ್ತನೆ ಬೇಕು.

6. ದಾಖಲೆಯ ಸ್ವರೂಪ

ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಭಜಿಸಿ, ಪ್ರತಿಹಂತದಲ್ಲಿಯೂ ಕಲಿಯುವವರು ಏನನ್ನು ಮಾಡಬಲ್ಲರು ಎಂಬುದನ್ನು ವಾಕ್ಯಗಳಲ್ಲಿ ಹೇಳುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಜರ್ಮನ್ ತರಗತಿಗಳೂ ಈ ಹಂತಗಳನ್ನೇ ಅನುಸರಿಸುತ್ತವೆ. ಈ ಮೆಟ್ಟಿಲುಗಳ ಎತ್ತರ ಸಮಾನವಲ್ಲ. ಮೇಲಿನ ಹಂತಗಳಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಮೊದಲ ಹಂತಗಳ ವೇಗವನ್ನೇ ನಿರೀಕ್ಷಿಸುವವರಿಗೆ ಮುಂದಿನ ಸಹಜಗತಿಯೇ ಸೋಲಾಗಿ ಕಾಣುತ್ತದೆ. ಇದೇ ಚೌಕಟ್ಟಿನೊಡನೆ ಬಂದ ಭಾಷಾ ಸಂಪುಟದಲ್ಲಿ ಅರ್ಹತೆಯ ವಿವರ, ಕಲಿಕೆಯ ಆತ್ಮವೃತ್ತ ಮತ್ತು ಕೃತಿಮಾದರಿಗಳ ಸಂಗ್ರಹ ಎಂಬ ಮೂರು ಭಾಗಗಳಿವೆ. ಅನುಭವ ಮತ್ತು ಸಾಕ್ಷ್ಯ ಎರಡನ್ನೂ ಒಟ್ಟಿಗಿಡುವ ಈ ಕ್ರಮ ಮೇಲಿನ ವಿವೇಚನೆಗೆ ಹೊಂದುತ್ತದೆ.

ಓದುವುದಕ್ಕಾಗಿಯೇ ಜರ್ಮನ್ ಕಲಿಯುವ ಕನ್ನಡ ಸಂಶೋಧಕರಿಗೆ ದಾಖಲೆ ಸರಳವಾಗಿರಬಹುದು. ಸಮಾನ ಕಾಠಿಣ್ಯದ ಒಂದು ಪುಟವನ್ನು ತಿಂಗಳಿಗೊಮ್ಮೆ ಓದಿ, ಹಿಡಿದ ಸಮಯವನ್ನೂ ನಿಘಂಟನ್ನು ತೆರೆದ ಸಲಗಳನ್ನೂ ಗುರುತಿಸಬೇಕು. ತಮ್ಮದೇ ಅನುವಾದವನ್ನು ತಿದ್ದದೆ ಕಾದಿರಿಸಬೇಕು. ಹೊಸದಾಗಿ ಗಮನಕ್ಕೆ ಬಂದ ರೂಪವನ್ನೂ, ಆ ದಿನಗಳ ಸಂದರ್ಭವನ್ನೂ ಎರಡು ಸಾಲಿನಲ್ಲಿ ಬರೆಯಬೇಕು. ಇದರ ಪ್ರಯೋಜನ ಪತ್ರಾಗಾರದ ಬಾಗಿಲಲ್ಲಿ ಸ್ಪಷ್ಟವಾಗುತ್ತದೆ. ಪಠ್ಯಪುಸ್ತಕದ ಜರ್ಮನ್ ಓದಬಲ್ಲವರು ಹತ್ತೊಂಬತ್ತನೆಯ ಶತಮಾನದ ಪತ್ರವನ್ನು ತೆರೆದಾಗ ಒಂದು ಪದವೂ ತಿಳಿಯದೆ ಹೋಗಬಹುದು. ಆ ಪತ್ರಗಳು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಅಲ್ಲಿನ ತೊಡಕು ಮೊದಲು ಲಿಪಿಯದು, ಭಾಷೆಯದಲ್ಲ. ಹಳಗನ್ನಡ ಬಲ್ಲವರೂ ತಾಳೆಗರಿಯ ಮುಂದೆ ತಡವರಿಸುವುದು ಹಸ್ತಪ್ರತಿಶಾಸ್ತ್ರದ ಅಭ್ಯಾಸವಿರುವವರಿಗೆ ಹೊಸತಲ್ಲ. ಎರಡರ ಲೆಕ್ಕವನ್ನು ಬೇರೆಬೇರೆಯಾಗಿ ಇಟ್ಟವರಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ಕನ್ನಡವನ್ನು ಅನ್ಯಭಾಷೆಯಾಗಿ ಬೋಧಿಸುವವರಿಗೂ ಈ ಕ್ರಮ ಉಪಯುಕ್ತ. ಆದರೆ ದಿನಚರಿ ಅಕ್ಷರಸ್ಥರ ಸಾಧನ ಎಂಬುದನ್ನು ಮರೆಯಲಾಗದು. ಮೇಲೆ ಹೆಸರಿಸಿದ ದಿನಚರಿಕಾರರು ಭಾಷಾಧ್ಯಯನದಲ್ಲಿಯೇ ತೊಡಗಿದವರು. ಸಂತೆಯಲ್ಲಿ, ಕಟ್ಟಡದ ಕೆಲಸದಲ್ಲಿ ಕನ್ನಡ ಕಲಿಯುವ ವಲಸಿಗರ ಮುನ್ನಡೆಯನ್ನು ಅರಿಯಲು ವೆಸ್ ಅವರ ಮಾದರಿಯ ಮಾತಿನ ಸಂಗ್ರಹವೇ ಬೇಕಾಗುತ್ತದೆ.

7. ಸಮಾರೋಪ

ಒಟ್ಟಿನಲ್ಲಿ, ಗುವಾನ್ ಮತ್ತು ವೆಸ್ ಅವರ ನಿದರ್ಶನಗಳು ಅಳತೆಗೋಲಿನ ಮಹತ್ವವನ್ನೂ, ಶೂಮನ್ ದಂಪತಿಗಳು ಮತ್ತು ಬೇಲಿ ಅವರ ದಿನಚರಿಗಳು ಸಂದರ್ಭದ ಪಾತ್ರವನ್ನೂ, ಶ್ಮಿಟ್ ಅವರ ಅಧ್ಯಯನ ಅನುಭವ ಹಾಗೂ ಸಾಕ್ಷ್ಯಗಳನ್ನು ಹೋಲಿಸುವ ಅಗತ್ಯವನ್ನೂ ಮನಗಾಣಿಸುತ್ತವೆ. ಒಂದು ಕೆಟ್ಟ ತಿಂಗಳ ಆಧಾರದ ಮೇಲೆ ಕಲಿಕೆಯನ್ನು ಕೈಬಿಡುವುದು, ಒಂದೇ ಹಸ್ತಪ್ರತಿಯನ್ನು ನೋಡಿ ಪಾಠ ನಿರ್ಣಯಿಸಿದಂತೆ. ಪಾಠಾಂತರಗಳನ್ನು ಕಾಲಕ್ರಮದಲ್ಲಿಟ್ಟು ಹೋಲಿಸಿ ನಿರ್ಣಯಿಸುವ ಶಿಸ್ತು ಕನ್ನಡ ಸಂಶೋಧನೆಗೆ ಪರಿಚಿತವಾದುದೇ. ಅದೇ ಶಿಸ್ತು ಸ್ವಂತ ಕಲಿಕೆಯ ದಾಖಲೆಗೂ ಅನ್ವಯಿಸಿದಾಗ, ಅರ್ಧದಲ್ಲಿ ನಿಲ್ಲುವ ಭಾಷಾಭ್ಯಾಸಗಳಲ್ಲಿ ಕೆಲವಾದರೂ ಆಕರಗಳವರೆಗೆ ತಲುಪಬಹುದು.