ಫೋಟೊ ಹೇಳುವ ತಾರೀಖು ನಂಬಬಹುದೇ?

2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ತಗ್ಗು ಪ್ರದೇಶಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಸುತ್ತಿನ ಹಳ್ಳಿಗಳಲ್ಲಿ ತೋಟಗಳ ಮೇಲೆ ಮರಳು, ಮರದ ದಿಮ್ಮಿ ಬಂದು ಕೂತವು. 1974ರ ನೆರೆಯನ್ನು ಹಿರಿಯರು ಬಾಯಿಮಾತಿನಲ್ಲಿ ನೆನೆಯುತ್ತಾರೆ. 2019ರದ್ದು ಸಾವಿರಾರು ಮೊಬೈಲುಗಳಲ್ಲಿ ಉಳಿದಿದೆ. ನಾಳೆ ಪರಿಹಾರಕ್ಕೋ ಗಡಿ ತಕರಾರಿಗೋ ಆ ಚಿತ್ರ ಕೋರ್ಟಿಗೆ ಬಂದರೆ ಎದುರು ವಕೀಲರು ಕೇಳುವ ಪ್ರಶ್ನೆ ಒಂದೇ: ಇದನ್ನು ತೆಗೆದದ್ದು ಯಾವಾಗ?

ಡಿಜಿಟಲ್ ಚಿತ್ರದ ಒಡಲಲ್ಲಿ 'ಎಕ್ಸಿಫ್' ಎಂಬ ಟಿಪ್ಪಣಿ ಇರುತ್ತದೆ. ತೆಗೆದ ದಿನ, ಗಂಟೆ, ಕ್ಯಾಮೆರಾದ ಮಾದರಿ, ಕೆಲವೊಮ್ಮೆ ಸ್ಥಳವೂ ಅದರಲ್ಲಿ ದಾಖಲಾಗುತ್ತದೆ. ಆದರೆ ಕ್ಯಾಮೆರಾಕ್ಕೆ ದಿನ ಯಾವುದೆಂದು ಸ್ವತಃ ಗೊತ್ತಿಲ್ಲ. ತನ್ನೊಳಗಿನ ಗಡಿಯಾರ ಹೇಳಿದ್ದನ್ನು ಅದು ಬರೆದುಕೊಳ್ಳುತ್ತದೆ, ಅಷ್ಟೆ. ಬ್ಯಾಟರಿ ಪೂರ್ತಿ ಸತ್ತ ಕ್ಯಾಮೆರಾ ವರ್ಷಗಳಷ್ಟು ಹಿಂದಕ್ಕೆ ಹೋಗಿಬಿಡಬಹುದು. ಟಿಪ್ಪಣಿಯನ್ನು ತಿದ್ದುವ ತಂತ್ರಾಂಶಗಳೂ ಪುಕ್ಕಟೆ ಸಿಗುತ್ತವೆ. ವಾಟ್ಸ್‌ಆಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೊದಲ್ಲಂತೂ ಟಿಪ್ಪಣಿಯೇ ಉಳಿಯುವುದಿಲ್ಲ. ಪಡೆದವರ ಫೋನು ತೋರಿಸುವುದು ಚಿತ್ರ ಬಂದ ದಿನವನ್ನು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ 'ಹ್ಯಾಶ್' ಎಂಬ ಅಂಕಿಯನ್ನೂ ಬರೆಯಬೇಕು. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಈ ಅಂಕಿ ಬದಲಾಗುತ್ತದೆ. ಆ ಬಳಿಕ ಯಾರೂ ತಿದ್ದಿಲ್ಲ ಎಂಬುದಕ್ಕೆ ಇದು ಭದ್ರ ಆಧಾರ. ಗಡಿಯಾರ ಮೊದಲೇ ತಪ್ಪಿದ್ದರೆ? ಆ ತಪ್ಪೂ ಅಷ್ಟೇ ಭದ್ರವಾಗಿ ಉಳಿಯುತ್ತದೆ!

ತಾರೀಖಿನ ಈ ತಾಪತ್ರಯ ಹಳೆಯದೇ. ಮೂಡುಬಿದಿರೆಯಿಂದ ಬೆಳ್ತಂಗಡಿಯತ್ತ ಸಾಗುವಾಗ ಸಿಗುವ ವೇಣೂರಿನಲ್ಲಿ ತಿಮ್ಮರಾಜ ಅಜಿಲ ನಿಲ್ಲಿಸಿದ ಬಾಹುಬಲಿಯಿದ್ದಾನೆ. ಅಲ್ಲಿನ ಶಾಸನ ಶಕವರ್ಷವೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ: ಶೋಭಕೃತು ಸಂವತ್ಸರ, ಫಾಲ್ಗುಣ ಶುದ್ಧ ದಶಮಿ, ಗುರುವಾರ ಎಂದೂ ಕೊಡುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, ತಿಥಿ ಚಂದ್ರನನ್ನು ಅನುಸರಿಸುತ್ತದೆ, ವಾರ ತನ್ನ ಪಾಡಿಗೆ ಉರುಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇವೆಲ್ಲ ಒಟ್ಟಿಗೆ ಕೂಡುವ ದಿನ 1604ರ ಮಾರ್ಚ್ 1, ಅಂದಿನ ಯುರೋಪಿನ ಹಳೆಯ ಪಂಚಾಂಗದ ಪ್ರಕಾರ. ಅದು ಗುರುವಾರವೇ. ಕೆತ್ತುವವನು ಒಂದನ್ನು ತಪ್ಪಿದ್ದರೆ ಉಳಿದವು ಅವನನ್ನು ಹಿಡಿದುಕೊಡುತ್ತಿದ್ದವು.

ಫೋಟೊಗೂ ಬೇಕಾದದ್ದು ಇಂಥ ಜತೆಗಾರರೇ. ಚಿತ್ರದಲ್ಲಿನ ನೆರಳು ಆ ಗಂಟೆಗೆ ಹೊಂದುತ್ತದೆಯೇ, ಆ ದಿನದ ಮಳೆಯ ಲೆಕ್ಕ ಏನನ್ನುತ್ತದೆ, ಮಹಜರಿನಲ್ಲಿ ಯಾವ ದಿನವಿದೆ, ತೆಗೆದವರು ಕಟಕಟೆಗೆ ಬಂದು ಹೇಳಬಲ್ಲರೇ ಎಂದು ನೋಡಬೇಕಾಗುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ, ಮೂಲ ಸಾಧನವನ್ನೇ ಅದರ ಒಡೆಯ ಹಾಜರುಪಡಿಸಿ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲ ಎಂದಿತ್ತು. ಅದು ಹಳೆಯ ಕಾಯಿದೆಯ ಕಾಲದ ತೀರ್ಪು. ನಮ್ಮಲ್ಲಿ ಆಗುವುದೇ ಬೇರೆ. ಗುಂಪಿಗೆ ಕಳಿಸಿಯಾಯಿತಲ್ಲ ಎಂದು ಮೂಲ ಚಿತ್ರವನ್ನು ಅಳಿಸಿ, ಮರುವರ್ಷ ಫೋನನ್ನೂ ಬದಲಿಸಿಬಿಡುತ್ತೇವೆ.