ಬಿಸಿಗೆ ಬಿದ್ದ ನೊಣ ತಿಳಿಸಿದ ನರಕೋಶದ ಗುಟ್ಟು

ಮಾಗಿದ ಬಾಳೆಹಣ್ಣನ್ನು ಮುತ್ತುವ ಪುಟ್ಟ ಹಣ್ಣುನೊಣವನ್ನು ಯಾರು ತಾನೆ ನೋಡಿಲ್ಲ? 1973ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡೇವಿಡ್ ಸುಜುಕಿ ಮತ್ತು ಸಂಗಡಿಗರು ಈ ನೊಣದ ಒಂದು ವಿಚಿತ್ರ ತಳಿಯನ್ನು ವರದಿ ಮಾಡಿದರು. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಓಡಾಡುವ ಈ ನೊಣ, ಉಷ್ಣತೆ 29 ಡಿಗ್ರಿಗೆ ಏರಿದರೆ ಸ್ವಲ್ಪ ಹೊತ್ತಿನಲ್ಲೇ ಬಿದ್ದುಬಿಡುತ್ತದೆ. ತಂಪು ಮಾಡಿದರೆ ಏನೂ ಆಗದಂತೆ ಎದ್ದು ನಡೆಯುತ್ತದೆ! ಈ ತಳಿಗೆ ‘ಶಿಬಿರೆ’ ಎಂಬ ಹೆಸರು ಬಂತು. ಜಪಾನಿ ಭಾಷೆಯಲ್ಲಿ ಹಾಗೆಂದರೆ ಜೋಮು ಹಿಡಿಯುವುದು.

ಹೀಗಾಗಲು ಕಾರಣವೇನು? ನರಕೋಶವು ತನ್ನ ಸಂದೇಶವಾಹಕ ರಾಸಾಯನಿಕವನ್ನು ಪೊರೆಯ ಸೂಕ್ಷ್ಮ ಚೀಲಗಳಲ್ಲಿ ತುಂಬಿಟ್ಟಿರುತ್ತದೆ. ಸುಮಾರು 25,000 ಚೀಲಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಸಂದೇಶ ಕಳಿಸುವಾಗ ಚೀಲವು ಕೋಶದ ಹೊರಪೊರೆಯೊಡನೆ ಬೆಸೆದು ರಾಸಾಯನಿಕವನ್ನು ಹೊರಚೆಲ್ಲುತ್ತದೆ. ಆ ಪೊರೆ ವ್ಯರ್ಥವಾಗುವುದಿಲ್ಲ. ಕೋಶ ಅದನ್ನು ಒಳಕ್ಕೆಳೆದು ಮತ್ತೆ ಚೀಲ ಮಾಡಿಕೊಳ್ಳುತ್ತದೆ. ಕಪ್ಪೆಯ ನರಗಳಲ್ಲಿ ಹೀಗೆ ನಡೆಯುವುದನ್ನು ಅಮೆರಿಕದ ಹ್ಯೂಸರ್ ಮತ್ತು ರೀಸ್ 1973ರಲ್ಲೇ ತೋರಿಸಿದ್ದರು. ಡೈರಿಯಿಂದ ಹೋದ ಹಾಲಿನ ಕ್ಯಾನುಗಳು ಖಾಲಿಯಾಗಿ ಹಿಂತಿರುಗದಿದ್ದರೆ ಮರುದಿನ ಹಾಲು ತುಂಬುವುದು ಯಾವುದರಲ್ಲಿ? ನರಕೋಶದ ಕಥೆಯೂ ಅಷ್ಟೆ.

ಒಳಕ್ಕೆ ಬಾಗಿದ ಪೊರೆಯ ಕತ್ತಿಗೆ ಸುತ್ತಿಕೊಂಡು ಅದನ್ನು ಚಿವುಟಿ ಬೇರ್ಪಡಿಸುವ ಪ್ರೋಟೀನು ‘ಡೈನಮಿನ್’. ಶಿಬಿರೆ ನೊಣದಲ್ಲಿ ಕೆಟ್ಟಿರುವುದು ಇದರ ಜೀನೇ ಎಂದು 1991ರಲ್ಲಿ ತಿಳಿಯಿತು. ಬಿಸಿಯಲ್ಲಿ ಡೈನಮಿನ್ ಕೆಲಸ ನಿಲ್ಲಿಸುತ್ತದೆ, ಚೀಲಗಳು ಮುಗಿಯುತ್ತವೆ, ನೊಣ ಬೀಳುತ್ತದೆ. ಬಿಸಿಗೆ ಸ್ತಬ್ಧವಾಗುವ ಇಂತಹ ನೊಣಗಳ ನರದೋಷವನ್ನು 1976ರಲ್ಲಿ ಸೆಮರ್ ಬೆಂಜರ್ ಜೊತೆಗೂಡಿ ಅಧ್ಯಯನ ಮಾಡಿದವರಲ್ಲಿ ನಮ್ಮ ಒಬೈದ್ ಸಿದ್ದಿಕಿಯವರೂ ಒಬ್ಬರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು ಅವರೇ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಬೆಳೆಯುತ್ತಿರುವ ಶಿಬಿರೆ ಭ್ರೂಣಕ್ಕೆ ಸರಿಯಾದ ಹಂತದಲ್ಲಿ ಬಿಸಿ ತಾಗಿಸಿದರೆ ಅದರಲ್ಲಿ ನರಕೋಶಗಳು ಮಿತಿಮೀರಿ ಹುಟ್ಟುತ್ತವೆ! ಭ್ರೂಣದ ಕೆಲವು ಭಾಗಗಳಲ್ಲಿ ನರಕೋಶವಾಗಬಲ್ಲ ಹಲವು ಕೋಶಗಳು ಅಕ್ಕಪಕ್ಕದಲ್ಲಿರುತ್ತವೆ. ಅವುಗಳಲ್ಲಿ ಒಂದು ಮುಂದಾಗಿ, ‘ನಾನು ನರಕೋಶವಾಗುತ್ತೇನೆ, ನೀವು ಬೇಡ’ ಎಂದು ನೆರೆಯವಕ್ಕೆ ತಿಳಿಸುತ್ತದೆ. ಅದರ ಮೈಮೇಲಿನ ‘ಡೆಲ್ಟಾ’ ಪ್ರೋಟೀನು ನೆರೆಕೋಶದ ‘ನಾಚ್’ ಪ್ರೋಟೀನಿಗೆ ಅಂಟುತ್ತದೆ. ಮೊದಲ ಕೋಶ ಆ ಜಾಗದ ಪೊರೆಯನ್ನು ಒಳಕ್ಕೆ ಸೆಳೆದುಕೊಂಡಾಗಲೇ ನಾಚ್ ಎಳೆಯಲ್ಪಟ್ಟು ಸಂದೇಶ ಮುಟ್ಟುತ್ತದೆ. ಡೈನಮಿನ್ ಇಲ್ಲದೆ ಈ ಸೆಳೆತವಿಲ್ಲ. ತಡೆಯುವವರಿಲ್ಲದೆ ನೆರೆಯವೂ ನರಕೋಶಗಳಾಗಿಬಿಡುತ್ತವೆ. ನಾಚ್ ಸಂದೇಶಕ್ಕೆ ಡೈನಮಿನ್ ಬೇಕೆಂಬುದು 1997ರಲ್ಲಿ ಸ್ಪಷ್ಟವಾಯಿತು. ಅಂದರೆ ಪೊರೆಯನ್ನು ಹಿಂದಕ್ಕೆ ಪಡೆಯುವ ಒಂದೇ ಕೆಲಸ ನರಕೋಶ ಹುಟ್ಟುವಾಗಲೂ ಬೇಕು, ಅದು ದುಡಿಯುವಾಗಲೂ ಬೇಕು.

ಮನುಷ್ಯರಲ್ಲಿಯೂ ಡೈನಮಿನ್ ಇದೆ. ಶೈಶವದಲ್ಲೇ ಕಾಣಿಸಿಕೊಂಡು ಬೆಳವಣಿಗೆಯನ್ನು ಕುಂಠಿತಗೊಳಿಸುವ ಒಂದು ವಿರಳ, ತೀವ್ರ ಮೂರ್ಛೆರೋಗಕ್ಕೆ ಮಿದುಳಿನ ಡೈನಮಿನ್ ಜೀನಿನ ದೋಷ ಕಾರಣವೆಂದು 2014ರಲ್ಲಿ ಪ್ರಕಟವಾಯಿತು. ಹೆಚ್ಚಿನ ಮಕ್ಕಳಲ್ಲಿ ಈ ದೋಷ ತಂದೆತಾಯಿಯರಿಂದ ಬಂದದ್ದಲ್ಲ, ಹೊಸದಾಗಿ ಮೂಡಿದ್ದು. ಪೂರ್ಣ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಆದರೆ ಜೀನ್ ಪರೀಕ್ಷೆಯಿಂದ ಕಾರಣ ತಿಳಿದಾಗ, ‘ಬಸುರಿಯಲ್ಲಿ ನಾನೇನು ತಪ್ಪು ಮಾಡಿದೆನೋ’ ಎಂದು ಕೊರಗುವ ತಾಯಿಗೆ ‘ನಿಮ್ಮ ತಪ್ಪೇನೂ ಇಲ್ಲಮ್ಮ’ ಎಂದು ವೈದ್ಯರು ಧೈರ್ಯವಾಗಿ ಹೇಳಬಹುದು. ನೊಣ ಏಕೆ ಬಿತ್ತು ಎಂದು ಕೇಳಿದವರ ಶ್ರಮ ಅಷ್ಟರಮಟ್ಟಿಗಾದರೂ ಸಾರ್ಥಕ.